ಸೋಲಿಸಿದ್ದು ಎದುರಾಳಿಯೋ, ನೆಟ್ಟೋ?

ಪ್ರಶ್ನೆ: ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೊ ಗೇಮಿನಲ್ಲಿ ಕಂಪ್ಯೂಟರ್ ಎದುರಾಳಿಯನ್ನು ಅತಿ ಕಠಿಣ ಮಟ್ಟದಲ್ಲೂ ಸೋಲಿಸುತ್ತೇನೆ. ಆನ್‌ಲೈನ್ ರ‍್ಯಾಂಕ್ಡ್ ಪಂದ್ಯಕ್ಕೆ ಹೋದರೆ ಮಾತ್ರ ಸಾಲುಸಾಲು ಸೋಲು. ನನ್ನ ಕೈ ನಿಧಾನವೇ?

ಉತ್ತರ: ಕೈಯ ವೇಗ ಇಲ್ಲಿ ಅಷ್ಟು ಮುಖ್ಯವಲ್ಲ. ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಲೆಕ್ಕದಲ್ಲಿ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. ಥ್ರೋ, ಅಂದರೆ ಹಿಡಿದು ಎಸೆಯುವ ಪಟ್ಟು, 5 ಫ್ರೇಮಿನಲ್ಲೇ ಹಿಡಿದುಬಿಡುತ್ತದೆ. ಅದನ್ನು ನೋಡಿ ತಡೆಯುವುದು ಯಾರಿಂದಲೂ ಆಗದು, ಊಹಿಸಿಯೇ ತಡೆಯಬೇಕು. ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಹೊಡೆತಕ್ಕೆ 26 ಫ್ರೇಮ್ ಹಿಡಿಯುವುದರಿಂದ ಅದನ್ನು ಕಂಡ ಮೇಲೂ ಸಮಯವಿರುತ್ತದೆ. ಅದಕ್ಕೆ ಬೇಕಾದ ಶಕ್ತಿ ತೋರಿಸುವ ಡ್ರೈವ್ ಗೇಜಿನಲ್ಲಿ ಒಂದು ಬಾರ್ ಉಳಿದಿದ್ದರೆ ನೀವೂ ಡ್ರೈವ್ ಇಂಪ್ಯಾಕ್ಟ್ ಹೊಡೆಯಿರಿ. ತಡವಾಗಿ ಹೊಡೆದವರದೇ ಗೆಲ್ಲುತ್ತದೆ.

ಹೆಚ್ಚಿನವರು ಪೆಟ್ಟು ತಿನ್ನುವುದು ಬೇರೆ ಕಡೆ. ತಮ್ಮ ಹೊಡೆತ ಬ್ಲಾಕ್ ಆದ ಮೇಲೂ ಬಟನ್ ಒತ್ತುತ್ತಲೇ ಇರುತ್ತಾರೆ. ನಿಮ್ಮ ಹೊಡೆತ ಬ್ಲಾಕ್ ಆದಾಗ ಮೈನಸ್ 3 ಎಂದಿದ್ದರೆ ಎದುರಾಳಿ ನಿಮಗಿಂತ 3 ಫ್ರೇಮ್ ಮೊದಲೇ ಚೇತರಿಸಿಕೊಳ್ಳುತ್ತಾನೆ. ಇಬ್ಬರೂ 4 ಫ್ರೇಮಿನ ಜ್ಯಾಬ್ (ಹಗುರ ಗುದ್ದು) ಒತ್ತಿದರೂ ತಾಗುವುದು ಅವನದೇ. ಅಲ್ಲಿ ಸುಮ್ಮನೆ ಬ್ಲಾಕ್ ಹಿಡಿಯಿರಿ. ಕಂಪ್ಯೂಟರ್ ನಿಮ್ಮ ಈ ಚಟವನ್ನು ಗುರುತಿಟ್ಟುಕೊಂಡು ಆಡುವುದಿಲ್ಲ, ಮನುಷ್ಯ ಎರಡನೇ ರೌಂಡಿಗೇ ಪತ್ತೆಹಚ್ಚುತ್ತಾನೆ. ಹಾಗಾಗಿ ಕಂಪ್ಯೂಟರ್ ಎದುರಿನ ಗೆಲುವನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಸೋತ ಪಂದ್ಯದ ರಿಪ್ಲೇ ತೆಗೆದು, ಫ್ರೇಮ್ ಎಣಿಸಿ ತೋರಿಸುವ ಫ್ರೇಮ್ ಮೀಟರ್ ಆನ್ ಮಾಡಿ ನೋಡಿ. ಮತ್ತೆ ಮತ್ತೆ ತಿಂದ ಹೊಡೆತ ಯಾವುದೆಂದು ಗುರುತಿಸಿ. ಟ್ರೇನಿಂಗ್ ಮೋಡ್‌ನಲ್ಲಿ ಡಮ್ಮಿಗೆ (ಅಭ್ಯಾಸದ ಎದುರಾಳಿಗೆ) ಆ ಹೊಡೆತದ ಜೊತೆ ಒಂದು ಥ್ರೋ, ಒಂದು ಜಂಪ್ ಅಟ್ಯಾಕ್ ರೆಕಾರ್ಡ್ ಮಾಡಿ, ಮೂರೂ ಕಲಸಿ ಬರುವಂತೆ ರ‍್ಯಾಂಡಮ್ ಪ್ಲೇಬ್ಯಾಕ್ ಇಡಿ. ಒಂದನ್ನೇ ಇಟ್ಟು ಅಭ್ಯಾಸ ಮಾಡಿದರೆ ಬೆರಳು ಕಲಿಯುವುದು ತಾಳವನ್ನು ಮಾತ್ರ.

ಪ್ರಶ್ನೆ: ಕೆಲವು ಎದುರಾಳಿಗಳು ಇದ್ದಲ್ಲಿಂದ ಮಾಯವಾಗಿ ಪಕ್ಕದಲ್ಲೇ ಕಾಣಿಸಿಕೊಳ್ಳುತ್ತಾರೆ. ಇದು ಮೋಸವಲ್ಲವೇ?

ಉತ್ತರ: ಬೇಕೆಂದೇ ತನ್ನ ನೆಟ್ ಕಡಿದು ಜೋಡಿಸುವ ಲ್ಯಾಗ್ ಸ್ವಿಚ್ ಆಟಗಾರರು ಇದ್ದಾರೆ. ಆದರೂ ಮೊದಲು ಅನುಮಾನಿಸಬೇಕಾದದ್ದು ಲೈನನ್ನು. ಇಂದಿನ ಫೈಟಿಂಗ್ ಗೇಮ್‌ಗಳಲ್ಲಿ ಇರುವುದು ರೋಲ್‌ಬ್ಯಾಕ್ ವ್ಯವಸ್ಥೆ. ಎದುರಾಳಿ ಒತ್ತಿದ ಬಟನ್ ನಿಮ್ಮ ಕನ್ಸೋಲ್ ತಲುಪುವವರೆಗೆ, ಅವನು ಹಿಂದಿನದ್ದನ್ನೇ ಒತ್ತಿ ಹಿಡಿದಿದ್ದಾನೆಂದು ಆಟ ಊಹಿಸಿ ಮುಂದೆ ಸಾಗುತ್ತದೆ. ಊಹೆ ತಪ್ಪಾದರೆ ಹಿಂದೆ ಹೋಗಿ ಲೆಕ್ಕ ಸರಿಪಡಿಸುತ್ತದೆ. ನಿಮಗೆ ಕಂಡ ಜಿಗಿತ ಅದೇ. ಪಿಂಗ್, ಅಂದರೆ ಸಂದೇಶ ಹೋಗಿಬರುವ ಸಮಯ, 60 ಮಿಲಿಸೆಕೆಂಡ್ ಇದ್ದರೆ ಒಂದು ಕಡೆಗೆ 30, ಅಂದರೆ ಸುಮಾರು 2 ಫ್ರೇಮ್ ಅಷ್ಟೇ. ಇದು ಕಣ್ಣಿಗೆ ಬೀಳುವುದೇ ಅಪರೂಪ. ಆಟ ಕೆಡಿಸುವುದು ಪಿಂಗ್ 40ರಿಂದ 150ಕ್ಕೆ ಹಾರಿ ಮತ್ತೆ ಇಳಿಯುವ ಏರಿಳಿತ, ಅಂದರೆ ಜಿಟರ್. ಸ್ಥಿರವಾದ 90, ಕುಣಿಯುವ 50ಕ್ಕಿಂತ ಎಷ್ಟೋ ವಾಸಿ.

ಎಲ್ಲ ಎದುರಾಳಿಗಳೂ ಜಿಗಿಯುತ್ತಿದ್ದರೆ ತೊಂದರೆ ನಿಮ್ಮ ಕಡೆಯದು, ಒಬ್ಬನೇ ಆದರೆ ಅವನ ಕಡೆಯದು. ನಿಮ್ಮದಾದರೆ ಮೊದಲು ರೂಟರ್‌ನಿಂದ ಕನ್ಸೋಲ್‌ಗೆ ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಧಾರಾಳ ಸಾಕು, ದುಬಾರಿ ‘ಗೇಮಿಂಗ್ ಕೇಬಲ್’ ಬೇಡ. ಕೇಬಲ್ ಸಾಧ್ಯವೇ ಇಲ್ಲದಿದ್ದರೆ 5 ಗಿಗಾಹರ್ಟ್ಸ್ ವೈಫೈ ಬಳಸಿ. 2.4ರಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ, ಪಕ್ಕದವರ ರೂಟರ್ ಎಲ್ಲವೂ ನುಗ್ಗಾಡುತ್ತಿರುತ್ತವೆ. ಕೇಬಲ್ ಹಾಕಿದ ಮೇಲೂ ಸಂಜೆ ಹೊತ್ತು ಮಾತ್ರ ಕೆಟ್ಟರೆ ಮನೆಯಲ್ಲಿ ಯಾರಾದರೂ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡುತ್ತಿದ್ದಾರೆಯೇ ನೋಡಿ. ಅಪ್‌ಲೋಡ್ ಸಾಲು ತುಂಬಿದರೆ ನಿಮ್ಮ ಆಟದ ಪುಟ್ಟ ಡೇಟಾ ಪ್ಯಾಕೆಟ್‌ಗಳು ಹಿಂದೆ ಕಾಯಬೇಕಾಗುತ್ತದೆ. ಯಾವುದಕ್ಕೆ ಮೊದಲ ದಾರಿ ಎಂದು ನಿರ್ಧರಿಸುವ ರೂಟರಿನ ಕ್ಯೂಒಎಸ್‌ನಲ್ಲಿ ಕನ್ಸೋಲ್‌ಗೆ ಆದ್ಯತೆ ಕೊಡಿ.

ಪಂದ್ಯವೇ ಕೂಡಿಬರದಿದ್ದರೆ ಕನ್ಸೋಲಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎನ್‌ಎಟಿ (ಹೊರಗಿನ ಸಂಪರ್ಕವನ್ನು ರೂಟರ್ ಎಷ್ಟು ಒಳಬಿಡುತ್ತದೆ ಎಂಬುದು) ನೋಡಿ. ಪ್ಲೇಸ್ಟೇಷನ್‌ನಲ್ಲಿ ಟೈಪ್ 3, ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರಿಕ್ಟ್ ಎಂದಿದ್ದರೆ ರೂಟರಿನಲ್ಲಿ ಯುಪಿಎನ್‌ಪಿ (ಆಟಕ್ಕೆ ಬೇಕಾದ ದಾರಿ ತಾನೇ ತೆರೆಯುವ ಸೌಲಭ್ಯ) ಆನ್ ಮಾಡಿ, ರೂಟರ್, ಕನ್ಸೋಲ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಎರಡು ರೂಟರ್ ಒಂದರ ಹಿಂದೊಂದಿದ್ದರೆ ಒಂದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಡೇಟಾ ದಾಟಿಸುವುದಕ್ಕಷ್ಟೇ) ಹಾಕಬೇಕು. ಟಿವಿಯ ಗೇಮ್ ಮೋಡ್ ಆಫ್ ಇದ್ದರೂ ಬಟನ್ ತಡವಾದಂತೆ ಅನಿಸುತ್ತದೆ. ಅದಕ್ಕೂ ನೆಟ್‌ಗೂ ಸಂಬಂಧವಿಲ್ಲ.

ಪ್ರಶ್ನೆ: ಎಲ್ಡನ್ ರಿಂಗ್ ಆಟದಲ್ಲಿ ನೆರವಿಗೆ ಗೆಳೆಯನನ್ನು ಕರೆದಾಗೆಲ್ಲ ಯಾರೋ ಬೇರೆ ಆಟಗಾರ ನುಗ್ಗಿ ಕೊಲ್ಲುತ್ತಾರೆ. ತಪ್ಪಿಸುವುದು ಹೇಗೆ?

ಉತ್ತರ: ಪೂರ್ತಿ ತಪ್ಪಿಸಲಾಗದು, ಪಾಸ್‌ವರ್ಡ್ ಇಟ್ಟರೂ ಬರುತ್ತಾರೆ. ನುಗ್ಗುವವರನ್ನು ಆಹ್ವಾನಿಸುವ ಟಾಂಟರ್ಸ್ ಟಂಗ್ ಎಂಬ ವಸ್ತು ಬಳಸದೆ ಒಬ್ಬರೇ ಆಡಿದರೆ ಮಾತ್ರ ಯಾರೂ ಬರುವುದಿಲ್ಲ. ಗೆಳೆಯನ ನೆರವಿಗೆ ಇದು ಬೆಲೆ, ನಮ್ಮ ಅಭಿಪ್ರಾಯದಲ್ಲಿ ನ್ಯಾಯವಾದ ಬೆಲೆ. ನುಗ್ಗಿದವನ ಬಳಿ ಫ್ಲಾಸ್ಕ್ (ಚೇತರಿಕೆಯ ಮದ್ದು) ಅರ್ಧದಷ್ಟೇ ಇರುತ್ತದೆ, ನಿಮ್ಮ ಬಳಿ ಪೂರ್ತಿ. ಆದರೆ ಆ ಲೋಕದ ಶತ್ರುಗಳು ಅವನನ್ನು ಮುಟ್ಟುವುದಿಲ್ಲ, ಅವನು ಓಡುವುದು ನಿಮ್ಮನ್ನು ಅವುಗಳ ಮಧ್ಯೆ ಎಳೆಯಲೆಂದೇ. ಅಟ್ಟಿಸಿಕೊಂಡು ಹೋಗಬೇಡಿ. ಖಾಲಿ ಮಾಡಿಕೊಂಡು ಬಂದ ಜಾಗಕ್ಕೆ ಹಿಂದೆ ಸರಿದು ನಿಲ್ಲಿ. ಅವನು ಎದುರಿಗಿರುವಾಗ ಫ್ಲಾಸ್ಕ್ ಕುಡಿಯಬೇಡಿ. ಗೆಳೆಯ ಅವನನ್ನು ತಡೆದಾಗ ಕುಡಿಯಿರಿ. ರೌಂಡ್‌ಟೇಬಲ್ ಹೋಲ್ಡ್ ಎಂಬ ತಾಣದ ವ್ಯಾಪಾರಿ ಟ್ವಿನ್ ಮೇಡನ್ ಹಸ್ಕ್ಸ್ ಬಳಿ ವೈಟ್ ಸೈಫರ್ ರಿಂಗ್ ಕೊಂಡು ಆನ್ ಮಾಡಿಟ್ಟರೆ, ಯಾರಾದರೂ ನುಗ್ಗಿದಾಗ ನೆರವಿಗೆ ಬರುವ ಬೇಟೆಗಾರ ಆಟಗಾರರಿಗೆ ತಾನೇ ಕರೆ ಹೋಗುತ್ತದೆ.

ಪ್ರಶ್ನೆ: ಗೆದ್ದರೂ ಬೈಗುಳ, ಸೋತರೂ ಬೈಗುಳ. ಏನು ಮಾಡಲಿ?

ಉತ್ತರ: ಉತ್ತರ ಕೊಡಬೇಡಿ, ಕೊಟ್ಟರೆ ಅದನ್ನೇ ನಿಮ್ಮ ಮೇಲೆ ದೂರಾಗಿ ಕಳಿಸಬಹುದು. ಮ್ಯೂಟ್ ಮಾಡಿ, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಪಿಎಸ್5ರ ಪಾರ್ಟಿ ವಾಯ್ಸ್ ಚಾಟ್‌ನಲ್ಲಿ ಬೈದಿದ್ದರೆ ರಿಪೋರ್ಟನ್ನು ಆಗಲೇ ಕಳಿಸಿ. ಕನ್ಸೋಲ್ ಉಳಿಸಿಕೊಳ್ಳುವುದು ಕೊನೆಯ 5 ನಿಮಿಷದ ಮಾತನ್ನಷ್ಟೇ.