ನ್ಯಾಪ್‌ಸ್ಯಾಕ್ ಸಮಸ್ಯೆಯಲ್ಲಿ ತೂಕದ ಲೂಪ್ ಹಿಮ್ಮುಖವಾಗಿ ಏಕೆ ಓಡಬೇಕು?

ತೂಕದ ಮಿತಿಯಿರುವ ಚೀಲಕ್ಕೆ ಗರಿಷ್ಠ ಲಾಭ ಬರುವಂತೆ ವಸ್ತುಗಳನ್ನು, ಪ್ರತಿಯೊಂದನ್ನೂ ಒಮ್ಮೆ ಮಾತ್ರ, ಆರಿಸುವುದೇ ಇಲ್ಲಿನ ನ್ಯಾಪ್‌ಸ್ಯಾಕ್ ಸಮಸ್ಯೆ. ಕೆ.ಆರ್. ಮಾರುಕಟ್ಟೆಯ ವ್ಯಾಪಾರಿಯೊಬ್ಬರ ಬಳಿ 5 ಕೆ.ಜಿ. ಹಿಡಿಯುವ ಚೀಲವೂ, ಹಲಸು (4 ಕೆ.ಜಿ., ಲಾಭ 70 ರೂ.), ಕುಂಬಳ (3 ಕೆ.ಜಿ., 50 ರೂ.), ಕಲ್ಲಂಗಡಿ (2 ಕೆ.ಜಿ., 30 ರೂ.) ಒಂದೊಂದೂ ಇವೆ ಎನ್ನೋಣ. ಕಿಲೋವಾರು ಲಾಭ ನೋಡಿ ಹಲಸನ್ನು ಆರಿಸಿದರೆ 70ಕ್ಕೇ ನಿಲ್ಲುತ್ತೇವೆ. ಉಳಿದೆರಡು ಸೇರಿದರೆ 80 ಸಿಗುತ್ತದೆ. ಆದ್ದರಿಂದ, ಚಿಕ್ಕ ಸಮಸ್ಯೆಗಳ ಉತ್ತರ ಉಳಿಸಿಕೊಂಡು ದೊಡ್ಡದನ್ನು ಬಿಡಿಸುವ ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ 0ಯಿಂದ 5ರವರೆಗಿನ ಪ್ರತಿ ತೂಕದ ಗರಿಷ್ಠ ಲಾಭವನ್ನು ಅರೇಯಲ್ಲಿ (ಸಾಲಾಗಿರುವ ಮನೆಗಳಲ್ಲಿ) ಇಟ್ಟುಕೊಂಡು, ಒಂದೊಂದೇ ವಸ್ತುವಿಗೆ ಎಲ್ಲ ತೂಕಗಳನ್ನೂ ನೋಡುತ್ತ, ಆ ವಸ್ತುವನ್ನು ಬಿಟ್ಟಾಗಿನ ಹಳೆಯ ಮೊತ್ತವನ್ನೂ, ಅದಕ್ಕೆ ಜಾಗ ಕೊಟ್ಟು ಉಳಿದ ತೂಕದ ಮೊತ್ತಕ್ಕೆ ಅದರ ಲಾಭ ಕೂಡಿದಾಗಿನ ಮೊತ್ತವನ್ನೂ ಹೋಲಿಸಿ ದೊಡ್ಡದನ್ನು ಬರೆಯುತ್ತೇವೆ.

ನೀವು ಕೇಳಿದ ಹಿಮ್ಮುಖ ಲೂಪಿನ ಕಾರಣ ಇಲ್ಲಿದೆ. ಕಲ್ಲಂಗಡಿಯಿಂದ ಆರಂಭಿಸಿ ತೂಕವನ್ನು ಏರಿಕೆಯಲ್ಲಿ ನೋಡಿದರೆ 2ರ ಮನೆಯಲ್ಲಿ 30 ಕೂರುತ್ತದೆ, 4ರ ಮನೆ ಅದನ್ನೇ ಬಳಸಿ 60 ಆಗುತ್ತದೆ. ಅಂದರೆ ಇರುವ ಒಂದೇ ಹಣ್ಣು ಎರಡು ಬಾರಿ ಚೀಲ ಸೇರುತ್ತದೆ. 5ರಿಂದ ಇಳಿಯುತ್ತ ಬಂದರೆ ನಾವು ಓದುವ ಮನೆಗಳೆಲ್ಲ ಇನ್ನೂ ಹಳೆಯವೇ, ಅಂದರೆ ಈ ಹಣ್ಣು ಸೇರುವ ಮೊದಲಿನವೇ, ಆಗಿರುತ್ತವೆ.