ಆ ಐದು ಬಿಂದು ಬಿಟ್ಟಿದ್ದು ಯಾರು ಅಂತ ಬರಿ, ತಂಗಿ

ತಂಗೀ, ಕಾರವಾರದಿಂದ ನೀ ಕಳಿಸಿದ "ಸುಳ್ಳು ಹೇಳದ ಅಂಕಿಗಳು" ಲೇಖನ ಎರಡು ಸಲ ಓದ್ದೆ. ನಮ್ಮ ಪತ್ರಿಕೆಯ ಈ ಸಂಚಿಕೆಗೆ ತಗೊಳ್ತಾ ಇಲ್ಲ, ಆದ್ರೆ ಹಾಗೇ ವಾಪಸ್ ಕಳ್ಸೋಕೂ ಮನಸ್ಸಿಲ್ಲ. ಪ್ರೋಟೀನ್ ದ್ರಾವಣಕ್ಕೆ ಎಕ್ಸ್-ರೇ ಬಿಟ್ಟು, ಅದು ಚದುರಿದ ರೀತಿ ನೋಡಿ ಅಣುವಿನ ಗಾತ್ರ ಹೇಳೋದನ್ನ ಚಂದ ವಿವರಿಸಿದ್ದೀಯ. ತೊಂದ್ರೆ ನಾಲ್ಕನೇ ಪುಟದಲ್ಲಿದೆ. "ಸೂಕ್ತ ವ್ಯಾಪ್ತಿಯನ್ನು ಆಯ್ಕೆ ಮಾಡಲಾಯಿತು." ಯಾರು ಮಾಡಿದ್ದು? ನೀನೇ ಅಲ್ವಾ?

ಗಿನಿಯೇ ಪ್ಲಾಟ್‌ನಲ್ಲಿ, ಅಂದ್ರೆ ಸಣ್ಣ ಕೋನಗಳಲ್ಲಿ ಎಕ್ಸ್-ರೇ ಎಷ್ಟು ಚದುರಿದೆ ಅಂತ ಬಿಂದು ಗುರುತಿಸೋ ನಕ್ಷೆಯಲ್ಲಿ, ಎಲ್ಲಿಂದ ಎಲ್ಲಿವರೆಗೆ ನೇರ ಗೆರೆ ಎಳೀತೀವಿ ಅನ್ನೋದ್ರ ಮೇಲೇ ಗಾತ್ರ ನಿಂತಿರತ್ತೆ. ಮೇಲ್ತುದಿಗೆ ಒಂದು ಲೆಕ್ಕ ಇದೆ, ಕ್ಯೂನ (ಚದುರಿದ ಕೋನದ ಅಳತೆ) ಆರ್‌ಜಿಯಿಂದ (ಅಣುವಿನ ಗಾತ್ರದ ಅಳತೆ) ಗುಣಿಸಿದ್ರೆ ಸುಮಾರು 1.3 ದಾಟಬಾರ್ದು ಅಂತ, ಆದ್ರೆ ಆ ಆರ್‌ಜಿ ಸಿಗೋದೇ ಅದೇ ಗೆರೆಯಿಂದ, ಹಂಗಾಗಿ ಎಳೆದು ನೋಡಿ ಮತ್ತೆ ತಿದ್ದಬೇಕು. ಕೆಳತುದಿ ಇನ್ನೂ ಕಷ್ಟ. ನಿನ್ನ ಚಿತ್ರದಲ್ಲಿ ಮೊದಲ ಐದು ಬಿಂದು ಮೇಲಕ್ಕೆ ಬಾಗಿವೆ, ನೀನು ಬಿಟ್ಟಿದ್ದೀಯ. ಅದು ನೇರ ಕಿರಣ ತಡೆಯೋ ಬೀಮ್‌ಸ್ಟಾಪ್ ಪಕ್ಕದ ಗಲೀಜಾದ್ರೆ ಬಿಡಬಹುದು, ಪ್ರೋಟೀನ್ ಒಂದಕ್ಕೊಂದು ಅಂಟಿ ಗಂಟಾಗಿದ್ರೆ ಬಿಡೋದು ಅಂದ್ರೆ ಸ್ಯಾಂಪಲ್ಲಿನ ರೋಗ ಮುಚ್ಚಿಟ್ಟ ಹಾಗೆ. ಯಾವುದು ಅಂತ ನೀ ಹೇಗೆ ತೀರ್ಮಾನ ಮಾಡ್ದೆ? ಓದೋರಿಗೆ ಬೇಕಾಗಿರೋದು ಅದು.

ಶಿರಸಿ ಕಡೆ ಅಡಿಕೆ ಆರಿಸೋದು ನೋಡಿದ್ದೀಯಲ್ಲ, ಒಂದೇ ಗುಡ್ಡೆನ ಇಬ್ರು ಆರಿಸಿದ್ರೆ ಒಳ್ಳೆ ಚಾಲಿಗೆ ಎಷ್ಟು, ಕಳಪೆ ಕೋಕಕ್ಕೆ ಎಷ್ಟು ಅನ್ನೋದು ಬೇರೆ ಬೇರೆ ಬರತ್ತೆ, ಯಾರೂ ಮೋಸ ಮಾಡಿರಲ್ಲ.

ಪರಮಾಣುವಿನ ನ್ಯೂಕ್ಲಿಯಸ್ ಕಂಡುಹಿಡಿದ ರುದರ್‌ಫೋರ್ಡ್ ಬಗ್ಗೆ ಎರಡು ಪ್ಯಾರಾ ಬರೆದಿದ್ದೀಯ, ಅಲ್ಲೂ ಮನುಷ್ಯರೇ ಕಾಣೆ. 1909ರಲ್ಲಿ ಅವರ ಲ್ಯಾಬಿನ ಗೈಗರ್, ಮಾರ್ಸ್‌ಡೆನ್ ಕತ್ತಲೆ ಕೋಣೇಲಿ ಕೂತು, ಆಲ್ಫಾ ಕಣ ಬಡಿದಾಗ ಸತುವಿನ ಸಲ್ಫೈಡ್ ಪರದೆ ಮೇಲೆ ಏಳೋ ಮಿಂಚನ್ನ ಕಣ್ಣಲ್ಲೇ ಎಣಿಸಿದ್ದು. ಆಮೇಲೆ 1920ರ ದಶಕದಲ್ಲಿ ಪರಮಾಣು ಒಡೆಯೋ ಪ್ರಯೋಗದಲ್ಲಿ ವಿಯೆನ್ನಾದವರಿಗೆ ಕೇಂಬ್ರಿಜ್‌ನವರಿಗಿಂತ ಜಾಸ್ತಿ ಮಿಂಚು ಕಾಣ್ತಿತ್ತು, ವರ್ಷಗಟ್ಟಲೆ ಜಗಳ. 1927ರ ಡಿಸೆಂಬರ್‌ನಲ್ಲಿ ಕೇಂಬ್ರಿಜ್‌ನ ಚಾಡ್ವಿಕ್ ವಿಯೆನ್ನಾಕ್ಕೆ ಹೋಗಿ, ಏನು ಬರಬೇಕು ಅಂತ ಎಣಿಸೋರಿಗೆ ಹೇಳದೆ ಎಣಿಕೆ ಮಾಡಿಸಿದಾಗ ಆ ಹೆಚ್ಚುವರಿ ಮಿಂಚು ಇರಲೇ ಇಲ್ಲ. ವಿಯೆನ್ನಾದವರು ಸುಳ್ಳು ಹೇಳಿದ್ದಲ್ಲ, ಏನು ಬರಬೇಕು ಅಂತ ಮೊದಲೇ ಗೊತ್ತಿತ್ತು ಅಷ್ಟೆ.

ಅದಕ್ಕೆ ಹೇಳೋದು, ತಲೆಬರಹ ತೆಗಿ, "ಮಾಡಲಾಯಿತು" ಎಲ್ಲೆಲ್ಲಿದೆಯೋ ಅಲ್ಲೆಲ್ಲ "ನಾನು ಮಾಡಿದೆ" ಅಂತ ಬರಿ. ಐದು ಬಿಂದು ಸೇರಿಸಿದ್ರೆ ಆರ್‌ಜಿ ಎಷ್ಟು, ಬಿಟ್ರೆ ಎಷ್ಟು, ಎರಡನ್ನೂ ಕೊಡು. ಸಾಧ್ಯ ಆದ್ರೆ ನಿನ್ನ ಲ್ಯಾಬಿನ ಗೆಳತಿಗೆ ಯಾವ ಸ್ಯಾಂಪಲ್ ಅಂತ ಹೇಳದೆ ಗೆರೆ ಎಳೆಸಿ, ಅದನ್ನೂ ಹಾಕು. ದೀಪಾವಳಿ ಒಳಗೆ ಕಳಿಸು, ನಾನೇ ಕೂತು ತಿದ್ದಿ ಕೊಡ್ತೇನೆ.