ಬೇಕಾದಷ್ಟು ಎಂದರೆ ಎಷ್ಟು?

ದಾವಣಗೆರೆಯ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ಪಾಸ್ತಾ ಸಾಸ್ ಮಾಡಿದೆ. ಟೊಮೆಟೊ ಗೊಜ್ಜಿಗಿಂತ ಹುಳಿಯಾಯಿತು. ಉಪ್ಪು ‘ಬೇಕಾದಷ್ಟು’ ಎಂದು ಬರೆದರೆ ಹೊಸಬರು ಏನು ಮಾಡಬೇಕು? ಬೆಳ್ಳುಳ್ಳಿ ಇಲ್ಲದ ಇದು ಅಸಲಿ ಇಟಲಿಯ ಸಾಸೇ ಅಲ್ಲ ಎನ್ನುತ್ತಾನೆ ಮಗ. ಕೊನೆಗೆ ತೆಗೆದ ಈರುಳ್ಳಿಯನ್ನು ಎಸೆಯುವುದೇ?”

ಸಂಪಾದಕರ ಉತ್ತರ:

ಹುಳಿಯ ತಪ್ಪು ನಮ್ಮದು. ಒಂದು ಕಿಲೊ ಟೊಮೆಟೊ ಎಂದೆವೇ ಹೊರತು ಯಾವ ಟೊಮೆಟೊ ಎಂದು ಹೇಳಲಿಲ್ಲ. ಸಾರಿಗೆಂದು ತಂದ ನಾಟಿ ಹಣ್ಣನ್ನೇ ನೀವು ಹಾಕಿರಬೇಕು. ಈ ಸಾಸಿಗೆ ತಿರುಳು ತುಂಬಿದ, ಉದ್ದನೆಯ, ಪೂರ್ತಿ ಕೆಂಪಾದ ಹಣ್ಣು ಬೇಕು. ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು ಹೆಚ್ಚಿ. 70 ಗ್ರಾಂ ಬೆಣ್ಣೆ, ಎರಡು ಹೋಳು ಮಾಡಿದ ಒಂದು ಈರುಳ್ಳಿ, ಉಪ್ಪು ಸೇರಿಸಿ ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿ. ಗಡಿಯಾರಕ್ಕಿಂತ ಪಾತ್ರೆಯ ಅಂಚನ್ನು ನಂಬಿ. ಗೊಜ್ಜು ಎಣ್ಣೆ ಬಿಡುವಂತೆ ಇದೂ ಬೆಣ್ಣೆ ಬಿಡುತ್ತದೆ. ಅಂಚಿನಲ್ಲಿ ಕಿತ್ತಳೆ ಬಣ್ಣದ ಹನಿಗಳು ಬಿಡಿಬಿಡಿಯಾಗಿ ನಿಂತಾಗ ಒಲೆ ಆರಿಸಿ. ಅಷ್ಟು ಬೆಂದರೆ ಸಕ್ಕರೆಯ ಮಾತೇ ಬರುವುದಿಲ್ಲ.

ಇನ್ನು ಮಗರಾಯನ ಆಕ್ಷೇಪ. ಈ ಮೂರು ಸಾಮಾನಿನ ಸಾಸ್ ಇಟಲಿಯ ಚೆಸೆನಾಟಿಕೊದಲ್ಲಿ ಹುಟ್ಟಿದ ಅಡುಗೆ ಲೇಖಕಿ ಮಾರ್ಸೆಲಾ ಹಜಾನ್ ಅವರದು. ಅವರ ಪುಸ್ತಕ 1973ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಅಸಲಿ ಎಂಬ ಮಾತು ಹಿಡಿದು ಹಿಂದೆ ಹೋದರೆ ಮಾತ್ರ ಕಾಲಿಗೆ ನೆಲವೇ ಸಿಗುವುದಿಲ್ಲ. ಟೊಮೆಟೊ ಇಟಲಿಯ ಬೆಳೆಯಲ್ಲ, ಅಮೆರಿಕ ಖಂಡದಿಂದ ಬಂದದ್ದು. ಅದು ಬರುವ ಮೊದಲು, 15ನೇ ಶತಮಾನದ ಬಾಣಸಿಗ ಮಾರ್ಟಿನೊ ಪಾಸ್ತಾಕ್ಕೆ ಚೀಸು, ಬೆಣ್ಣೆ, ಸಿಹಿ ಮಸಾಲೆ ಹಾಕುತ್ತಿದ್ದ. ಸಿಸಿಲಿಯ ಮಕರೋನಿಯನ್ನು ಎರಡು ಗಂಟೆ ಬೇಯಿಸಬೇಕೆಂದೂ ಬರೆದಿಟ್ಟ. ಇದನ್ನು, ಪಾಸ್ತಾ ಮೆತ್ತಗಾದರೆ ಮೂಗು ಮುರಿಯುವ ಇಂದಿನ ಯಾವ ಇಟಲಿಯವರ ಮುಂದೆಯೂ ಹೇಳಬೇಡಿ.

ಟೊಮೆಟೊ ಸಾಸ್ ಬರವಣಿಗೆಯಲ್ಲಿ ಕಾಣುವುದು 1690ರ ದಶಕದ ನೇಪಲ್ಸ್‌ನಲ್ಲಿ, ಅಂತೋನಿಯೊ ಲಾತೀನಿಯ ಅಡುಗೆ ಪುಸ್ತಕದಲ್ಲಿ. ಅವನು ಅದನ್ನು ಸ್ಪೇನಿನ ಶೈಲಿಯದು ಎಂದೇ ಕರೆದ. ಅರ್ಧ ಡಜನ್ ಹಣ್ಣನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಚಾಕುವಿನಿಂದ ಸಣ್ಣಗೆ ಕೊಚ್ಚಿ, ಈರುಳ್ಳಿ, ಎಣ್ಣೆ, ಉಪ್ಪು, ವಿನೆಗರ್ ಬೆರೆಸುವುದು. ನಮ್ಮ ಸುಟ್ಟ ಟೊಮೆಟೊ ಗೊಜ್ಜಿಗೆ ದೂರದ ನೆಂಟನಂತೆ ಕಾಣುತ್ತದೆ. ಪಾಸ್ತಾದ ಸುದ್ದಿಯೇ ಅಲ್ಲಿಲ್ಲ. ಅದು ಬೇಕೆಂದರೆ ಅದೇ ನೇಪಲ್ಸ್‌ನ ಅಡುಗೆ ಲೇಖಕ ಕವಲ್ಕಾಂತಿ 1839ರಲ್ಲಿ ಅಲ್ಲಿನ ಆಡುನುಡಿಯಲ್ಲಿ ಬರೆದ ಟೊಮೆಟೊ ಶಾವಿಗೆಯನ್ನು ನೋಡಬಹುದು. ಅಂದರೆ ನಿಮ್ಮ ಮಗ ಅಸಲಿ ಎನ್ನುವುದು ಅಷ್ಟೇನೂ ಹಳೆಯದಲ್ಲ.

ನನಗೆ ಹಿಡಿಸಿದ್ದು ಬೇರೊಂದು. ಅದೇ ಲಾತೀನಿ ಈರುಳ್ಳಿ ಎಷ್ಟು ಎಂಬಲ್ಲಿ ‘ನಿಮ್ಮ ವಿವೇಚನೆಗೆ’ ಎಂದು ಬಿಟ್ಟಿದ್ದಾನೆ. ಅವನು ಬರೆದದ್ದು ಅಡುಗೆ ಬಲ್ಲವರಿಗೆ, ಮರೆಯದಿರಲೆಂದು. ಗ್ರಾಂ ಲೆಕ್ಕದ ಶಿಸ್ತು ಬೇಕೆಂದರೆ 1891ರ ಪೆಲ್ಲೆಗ್ರಿನೊ ಅರ್ತೂಸಿಯನ್ನು ನೋಡಬೇಕು. ಸ್ವಂತ ಖರ್ಚಿನಲ್ಲಿ ಅಡುಗೆ ಪುಸ್ತಕ ಅಚ್ಚು ಹಾಕಿಸಿದ ಇಟಲಿಯವನು. ಓದುಗರ ಪತ್ರಗಳಿಂದ ಪಾಕಗಳನ್ನು ಆಯ್ದು ಸೇರಿಸುತ್ತಾ 1911ರ ಹೊತ್ತಿಗೆ ಅದನ್ನು 790 ಪಾಕಗಳಿಗೆ ಬೆಳೆಸಿದ. (ಆದ್ದರಿಂದ ನೀವು ಬರೆಯುತ್ತಲೇ ಇರಿ.) ಅವನ ಟೊಮೆಟೊ ಸಾಸ್ ಶುರುವಾಗುವುದು ಎಲ್ಲರ ಮನೆಯ ವಿಷಯದಲ್ಲೂ ಮೂಗು ತೂರಿಸುವ ಪಾದ್ರಿಯೊಬ್ಬನ ಕಥೆಯಿಂದ. ಆಮೇಲೆ ಅಳತೆ: ಕಾಲು ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ, ಬೆರಳುದ್ದ ಸೆಲರಿ, ಏಳೋ ಎಂಟೋ ಟೊಮೆಟೊ, ಪಾರ್ಸ್ಲಿ ‘ಸಾಕಾಗುವಷ್ಟು’. ಗ್ರಾಂ ತೂಗುವವನೂ ಸೊಪ್ಪಿನ ಬಳಿ ಬಂದಾಗ ತಕ್ಕಡಿ ಕೆಳಗಿಟ್ಟ.

ಹಾಗೆಂದು ನಾವು ತಪ್ಪಿಸಿಕೊಳ್ಳುವುದಿಲ್ಲ. ಒಂದು ಕಿಲೊ ಹಣ್ಣಿಗೆ ಮುಕ್ಕಾಲು ಟೀ ಚಮಚ ಉಪ್ಪು ಹಾಕಿ. ಪಾಸ್ತಾ ಬೇಯಿಸುವ ನೀರಿಗೂ ಉಪ್ಪು ಬೀಳುತ್ತದೆ. ಬಸಿದ ಆ ನೀರನ್ನು ಅರ್ಧ ಸೌಟು ಸಾಸಿಗೆ ಬೆರೆಸಿ, ಆಮೇಲೆ ರುಚಿ ನೋಡಿ, ಕಡಿಮೆಯೆನಿಸಿದರೆ ಸೇರಿಸಿ. ಬೆಳ್ಳುಳ್ಳಿ ಬೇಕೆಂದು ಮಗ ಹಟ ಹಿಡಿದರೆ ಅರ್ತೂಸಿಯ ಹೆಸರು ಹೇಳಿ ಒಂದೇ ಒಂದು ಎಸಳು ಹಾಕಿಕೊಡಿ.

ಈರುಳ್ಳಿಯನ್ನು ಖಂಡಿತ ಎಸೆಯಬೇಡಿ. ಸಾಸಿನಲ್ಲಿ ಅದರ ಕೆಲಸ ಮುಗಿದಿರುತ್ತದೆ, ಆದರೆ ಅಷ್ಟು ಹೊತ್ತು ಬೆಣ್ಣೆಯಲ್ಲಿ ಮಿಂದು ಪದರ ಪದರವಾಗಿ ಮೆತ್ತಗಾಗಿರುತ್ತದೆ. ಕಾಳುಮೆಣಸಿನ ಪುಡಿ ಉದುರಿಸಿ ಬಿಸಿ ರೊಟ್ಟಿಯ ಮೇಲೆ ಹರಡಿ. ನಮ್ಮ ಮನೆಯಲ್ಲಿ ಆ ಎರಡು ಹೋಳುಗಳು ಮೇಜಿನವರೆಗೆ ಬರುವುದೇ ಇಲ್ಲ. ಸಾಸ್ ಕಲಕಿದವರು ಒಲೆಯ ಬಳಿಯೇ ಮುಗಿಸಿರುತ್ತಾರೆ.